ಅಕ್ಕಲಕೋಟದ ದಾರಿಯಲ್ಲಿ ಒಂದು ಹಳೆಯ ಲಾರಿ

ಅಕ್ಕಲಕೋಟ, ಸೊಲ್ಲಾಪುರಗಳ ಓಣಿಗಳಲ್ಲಿ ಮುಂಜಾನೆಯ ಹೊತ್ತು ತಳ್ಳುಗಾಡಿ ಬರುತ್ತದೆ. ಹಳೆಯ ಡಬ್ಬಿ, ಮುರಿದ ಕುರ್ಚಿ, ತುಕ್ಕು ತಿಂದ ತಗಡುಗಳನ್ನು ತೂಗಿ ಕೊಳ್ಳುವವನು ‘ಭಂಗಾರ, ಭಂಗಾರ’ ಎಂದು ಕೂಗುತ್ತ ಹೋಗುತ್ತಾನೆ. ಮರಾಠಿಯಲ್ಲಿ ಭಂಗಾರವೆಂದರೆ ಗುಜರಿ. ಕನ್ನಡ ಶಾಲೆಗೆ ಹೊರಟ ಮಗುವಿನ ಕಿವಿಗೆ ಅದೇ ಕೂಗು ಬಂಗಾರವೆಂದು ಬೀಳುವುದೂ ಉಂಟು. ಒಂದು ಮಹಾಪ್ರಾಣದ ಅಂತರದಲ್ಲಿ ನೆರೆಹೊರೆಯ ಎರಡು ಭಾಷೆಗಳು ಒಂದೇ ಸದ್ದಿಗೆ ಎರಡು ಬೆಲೆ ಕಟ್ಟಿವೆ. ಹಳೆಯ ಕಬ್ಬಿಣದ ಮಟ್ಟಿಗೆ ಇದು ಬರಿಯ ನಗೆಮಾತಾಗಿ ಉಳಿಯುವುದಿಲ್ಲ. ಓಡಾಟ ನಿಲ್ಲಿಸಿ ಹೊಲದ ಬೇವಿನ ಮರದಡಿ ನಿಂತ ಹಳೆಯ ಲಾರಿಯೊಂದನ್ನು ಕಿಲೋ ಲೆಕ್ಕದಲ್ಲಿ ತೂಗಿ ಕೊಡಬೇಕೆ, ಇಲ್ಲವೆ ಮನೆಯಂಗಳಕ್ಕೆ ತಂದು ಅದರ ಮೈಯನ್ನು ದುರಸ್ತಿ ಮಾಡಬೇಕೆ ಎಂಬ ಪ್ರಶ್ನೆ ಎದುರಾದ ಮನೆಯಲ್ಲಿ, ಈ ಎರಡು ಶಬ್ದಗಳಲ್ಲಿ ಒಂದನ್ನು ಆರಿಸಲೇಬೇಕಾಗುತ್ತದೆ.

ಈ ಪ್ರಶ್ನೆ ಈ ಸೀಮೆಗೆ ಪರಕೀಯವಲ್ಲ. ಭಾರತದ ಲಾರಿಯ ಕಥೆಯಲ್ಲಿ ಸೊಲ್ಲಾಪುರಕ್ಕೆ ದೊಡ್ಡ ಪಾಲಿದೆ. 1882ರ ನವೆಂಬರ್ 23ರಂದು ಸೊಲ್ಲಾಪುರದಲ್ಲಿ ಜನಿಸಿದ ವಾಲಚಂದ ಹಿರಾಚಂದ ದೋಶಿಯವರು ರೈಲ್ವೆ ಗುತ್ತಿಗೆಯಿಂದ ಉದ್ಯಮವನ್ನು ಆರಂಭಿಸಿ, 1919ರಲ್ಲಿ ಸಿಂಧಿಯಾ ಹಡಗು ಕಂಪನಿಯ ಸ್ಥಾಪನೆಯಲ್ಲಿ ಮುಂದಾಳಾಗಿ ನಿಂತರು. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮೋಟಾರು ವಾಹನಗಳು ನಮ್ಮ ದೇಶದಲ್ಲಿಯೇ ತಯಾರಾಗಬೇಕೆಂದು ಯೋಜನೆ ಸಿದ್ಧಪಡಿಸಿ, ಹೊರದೇಶಗಳ ಕಾರ್ಖಾನೆಗಳನ್ನು ಕಣ್ಣಾರೆ ನೋಡಿಬಂದಾಗ, ಅವರೊಡನೆ ಕೈಜೋಡಿಸಿದವರು ಈ ವಾಲಚಂದರು. ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಆ ಕಾರ್ಖಾನೆ ತೆರೆಯುವ ಮಾತುಕತೆಯೂ ನಡೆಯಿತು. ಬ್ರಿಟಿಷ್ ಸರ್ಕಾರ ಬೆಂಬಲಿಸಲಿಲ್ಲ. ಬೆಂಗಳೂರಿಗೆ ಮೋಟಾರಿನ ಬದಲು ವಿಮಾನ ಬಂದಿತು. 1940ರ ಡಿಸೆಂಬರಿನಲ್ಲಿ ವಾಲಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಅಲ್ಲಿ ಸ್ಥಾಪಿಸಿದರು.

ಮೋಟಾರಿನ ಕನಸು ನನಸಾಗಲು ಮತ್ತೆ ಕೆಲವು ವರ್ಷಗಳು ಹಿಡಿದವು. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪನೆಯಾಯಿತು. ಅಮೆರಿಕದ ಕ್ರೈಸ್ಲರ್ ಕಂಪನಿಯ ಸಹಕಾರದಿಂದ ಮುಂಬಯಿಯ ಕುರ್ಲಾದಲ್ಲಿ ಡಾಜ್, ಫಾರ್ಗೊ ಎಂಬ ಹೆಸರಿನ ಲಾರಿಗಳು ಸಿದ್ಧವಾಗತೊಡಗಿದವು. ಈ ಎರಡೂ ಹೆಚ್ಚುಕಡಿಮೆ ಒಂದೇ ಲಾರಿಯ ಎರಡು ಹೆಸರುಗಳು. ವಾಲಚಂದರು 1953ರಲ್ಲಿ ತೀರಿಕೊಂಡರು. ಅದರ ಮರುವರ್ಷವೇ ಜಮ್‌ಶೆಡ್‌ಪುರದಿಂದ ಟಾಟಾ ಮರ್ಸಿಡಿಸ್ ಬೆಂಜ್ ಲಾರಿಗಳು ಹೊರಬಂದವು. ಜರ್ಮನಿಯ ಕಂಪನಿಯೊಡನೆ ಟಾಟಾದವರ ಒಪ್ಪಂದ 1969ರಲ್ಲಿ ಮುಗಿಯಿತು. ಮೂರು ಕಿರಣಗಳ ನಕ್ಷತ್ರವಿದ್ದ ಜಾಗಕ್ಕೆ ಟಾಟಾದ ‘ಟಿ’ ಅಕ್ಷರ ಬಂದಿತು. ಹೀಗಾಗಿ ಮುಂಭಾಗದ ಒಂದು ಚಿಹ್ನೆಯೇ ಹಳೆಯ ಲಾರಿಯ ವಯಸ್ಸನ್ನು ಬಹುಮಟ್ಟಿಗೆ ತಿಳಿಸಿಬಿಡುತ್ತದೆ.

ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಸುಮಾರು 40 ಕಿಲೋಮೀಟರ್. ಕುಂಭಾರಿ, ವಳಸಂಗಗಳನ್ನು ದಾಟಿದ ದಾರಿ ಕಪ್ಪುನೆಲದ ನಡುವೆ ಸಾಗುತ್ತದೆ. ಹಿಂಗಾರಿಯಲ್ಲಿ ಇಬ್ಬದಿಯಲ್ಲೂ ಬಿಳಿಜೋಳ ನಿಂತಿರುತ್ತದೆ. ಮುಂದೆ ದುಧನಿಯ ಕಡೆಗೆ ಹೋದರೆ ತೊಗರಿಯ ವ್ಯಾಪಾರ. ಅಂಗಡಿಯ ಫಲಕ ಮರಾಠಿಯಲ್ಲಿದ್ದರೂ ಅಂಗಡಿಯೊಳಗಿನ ಮಾತು ಕನ್ನಡದಲ್ಲಿ ನಡೆಯುವುದು ಇಲ್ಲಿ ಯಾರಿಗೂ ವಿಶೇಷವೆನಿಸುವುದಿಲ್ಲ. ಜೋಳ, ತೊಗರಿ, ಹತ್ತಿ, ಕಬ್ಬು ಇವೆಲ್ಲವನ್ನೂ ಪೇಟೆಗೆ ಮುಟ್ಟಿಸಿದ್ದು ಮೊದಲು ಎತ್ತಿನ ಬಂಡಿ, ಅನಂತರ ರೈಲು, ಆಮೇಲೆ ಲಾರಿ.

ಆ ಲಾರಿಯ ಮೈಯ ಬಗೆಗೆ ಹೆಚ್ಚಿನವರು ಗಮನಿಸದ ಸಂಗತಿಯೊಂದಿದೆ. ಬಾನೆಟ್, ಮಡ್‌ಗಾರ್ಡ್, ಮುಂಭಾಗದ ಜಾಳಿಗೆ ಇವು ಕಾರ್ಖಾನೆಯ ಅಚ್ಚಿನಿಂದ ಬರುತ್ತಿದ್ದವು. ಆದರೆ ನಮ್ಮ ದೇಶದಲ್ಲಿ ಲಾರಿಗಳು ಬಹಳ ಕಾಲ ಮಾರಾಟವಾದದ್ದು ಹೆಚ್ಚಾಗಿ ಬರಿಯ ಚಾಸಿಯಾಗಿ. ಅದನ್ನು ಕೊಂಡವನು ಬಾಡಿ ಕಟ್ಟುವವರಲ್ಲಿಗೆ ಒಯ್ಯುತ್ತಿದ್ದನು. ಬಡಿಗೇರರು ಕಟ್ಟಿಗೆಯ ಚೌಕಟ್ಟು ಕಟ್ಟುತ್ತಿದ್ದರು, ಕಮ್ಮಾರರು ಪಟ್ಟಿ ಹೊಡೆಯುತ್ತಿದ್ದರು, ತಗಡಿನ ಕೆಲಸದವರು ಕ್ಯಾಬಿನ್ನಿಗೆ ಹೊದಿಕೆ ಹಾಕುತ್ತಿದ್ದರು, ಪೇಂಟರ್ ಬಣ್ಣ ಬಳಿದು ಹೆಸರು ಬರೆಯುತ್ತಿದ್ದನು. ಎಂಜಿನ್ ಎಲ್ಲಿಯದಾದರೂ ಮೈ ಮಾತ್ರ ಊರಿನದು. ಆ ಕಾರಣದಿಂದಲೇ ಇಂತಹ ಮೈಗೆ ಬಿಡಿಭಾಗಗಳು ಯಾವ ಅಂಗಡಿಯಲ್ಲೂ ದೊರೆಯುವುದಿಲ್ಲ. ಹಾಳಾದ ಭಾಗವನ್ನು ಅಳೆದು, ಕತ್ತರಿಸಿ, ಬಡಿದು ಕೈಯಿಂದಲೇ ಮಾಡಬೇಕು.

ಕಬ್ಬಿಣವನ್ನು ಕಾಪಾಡುವುದೆಂದರೆ ಏನೆಂಬುದಕ್ಕೆ ಅಕ್ಕಲಕೋಟದಲ್ಲಿಯೇ ಒಂದು ನಿದರ್ಶನವಿದೆ. 1948ರವರೆಗೆ ಭೋಸಲೆ ಮನೆತನದ ಸಂಸ್ಥಾನವಾಗಿದ್ದ ಈ ಊರಿನ ಅರಮನೆಯಲ್ಲಿ ಶಸ್ತ್ರಾಗಾರವಿದೆ. ಶ್ರೀ ಸ್ವಾಮಿ ಸಮರ್ಥರ ವಟವೃಕ್ಷ ಮಂದಿರಕ್ಕೆ ಬಂದವರು ಬಿಡುವಿದ್ದರೆ ಅದನ್ನೂ ನೋಡುತ್ತಾರೆ. ಕತ್ತಿ, ಈಟಿ, ಬಂದೂಕುಗಳು ಇಷ್ಟು ತಲೆಮಾರುಗಳ ಕಾಲ ಉಳಿದಿರುವುದಕ್ಕೆ ಕಾರಣ ಲೋಹದ ಗಟ್ಟಿತನವೊಂದೇ ಅಲ್ಲ. ಬಯಲಿನಲ್ಲಿ ಬಿಟ್ಟರೆ ಕತ್ತಿಗೂ ತಗಡಿಗೂ ಒಂದೇ ಗತಿ. ನೆರಳು, ಎಣ್ಣೆಯ ಕೈ, ಬೆಲೆಯುಳ್ಳದ್ದೆಂಬ ಭಾವನೆ, ಈ ಮೂರೂ ಸೇರಿ ಶಸ್ತ್ರವನ್ನು ಕಾಯುತ್ತವೆ. ಜೋಳದ ಚೀಲ ಹೊತ್ತ ಲಾರಿಗೆ ಈ ಮೂರರಲ್ಲಿ ಒಂದೂ ದೊರೆತಿಲ್ಲ. ದೊರೆತದ್ದು ಈ ಸೀಮೆಯ ಒಣಹವೆ ಮಾತ್ರ. ಕೊಂಕಣದ ಉಪ್ಪುಗಾಳಿಯಲ್ಲಿ ಬೇಗನೆ ಸವೆದುಹೋಗುವ ತಗಡು, ಮಳೆ ಕಡಿಮೆಯಾದ ಸೊಲ್ಲಾಪುರದ ಕಡೆ ಹೆಚ್ಚು ಕಾಲ ಬಾಳುತ್ತದೆ.

ಇಂತಹ ಲಾರಿಯೊಂದನ್ನು ಒಂದು ಮನೆಯವರು ಅಂಗಳಕ್ಕೆ ತಂದರೆಂದು ಭಾವಿಸಿದರೆ, ಅವರು ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಸುತ್ತಿಗೆಯಲ್ಲ, ನೋಟುಬುಕ್ಕು. ಯಾವ ಭಾಗ ಎಲ್ಲಿತ್ತು, ಬಾಗಿಲಿಗೂ ಕಂಬಕ್ಕೂ ನಡುವೆ ಎಷ್ಟು ಸಂದಿಯಿತ್ತು, ಯಾವ ಬೋಲ್ಟು ಯಾವ ರಂಧ್ರದ್ದು ಎಂಬುದನ್ನು ಬರೆದು, ಚಿತ್ರ ತೆಗೆದು, ಬಿಚ್ಚಿದ ಪ್ರತಿಯೊಂದು ವಸ್ತುವಿಗೂ ಚೀಟಿ ಕಟ್ಟಬೇಕು. ಈ ಕೆಲಸವನ್ನು ಶಾಲೆಯ ಮಕ್ಕಳು ದೊಡ್ಡವರಿಗಿಂತ ಅಚ್ಚುಕಟ್ಟಾಗಿ ಮಾಡಬಲ್ಲರು. ಬ್ಯಾಟರಿ, ಡೀಸೆಲ್ ಟ್ಯಾಂಕುಗಳನ್ನು ಕಳಚಿ ದೂರವಿಡಬೇಕು. ಖಾಲಿಯಾದ ಟ್ಯಾಂಕಿನೊಳಗೂ ಆವಿ ಉಳಿದಿರುವುದರಿಂದ ಅದಕ್ಕೆ ಮನೆಯಲ್ಲಿ ವೆಲ್ಡಿಂಗ್ ಮಾಡಲೇಬಾರದು.

ಎರಡನೆಯ ಕೆಲಸ ರೋಗವನ್ನು ಹುಡುಕುವುದು. ತುಕ್ಕು ಮೇಲೆ ಕಾಣುವಲ್ಲಿಗಿಂತ ಕಾಣದಲ್ಲಿ ಹೆಚ್ಚು. ಬಾಗಿಲಿನ ಕೆಳಅಂಚು, ಕಾಲಿಡುವ ತಳದ ಮೂಲೆಗಳು, ಮಡ್‌ಗಾರ್ಡಿನ ಮಡಿಕೆ, ನೀರು ಹರಿದುಹೋಗಬೇಕಾದ ರಂಧ್ರ ಮಣ್ಣಿನಿಂದ ಮುಚ್ಚಿದ ಜಾಗ, ತೇವ ಹಿಡಿದ ಕಟ್ಟಿಗೆಗೆ ತಗಡು ಅಂಟಿಕೊಂಡ ಒಳಬದಿ, ಇವು ಅದರ ಮನೆಗಳು. ಬಾಲಭಾರತಿಯ ವಿಜ್ಞಾನದ ಪಾಠದಲ್ಲಿ ಮಕ್ಕಳು ಓದುವ ಸಂಗತಿಯೇ ಇಲ್ಲಿ ಕಣ್ಣೆದುರಿಗೆ ನಿಲ್ಲುತ್ತದೆ. ಕಬ್ಬಿಣ, ನೀರು, ಆಮ್ಲಜನಕ ಮೂರೂ ಕೂಡಿದಾಗ ತುಕ್ಕು ಹುಟ್ಟುತ್ತದೆ; ಹುಟ್ಟಿದ ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದಲೇ ಅದು ಬಣ್ಣವನ್ನು ಒಳಗಿನಿಂದ ಎತ್ತಿ ಗುಳ್ಳೆ ಮಾಡುತ್ತದೆ, ಎರಡು ತಗಡುಗಳ ನಡುವೆ ಸೇರಿದರೆ ಅವನ್ನು ದೂರ ತಳ್ಳುತ್ತದೆ. ಒಂದು ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಮೈಯ ಮೇಲೆ ಎಳೆಯುತ್ತ ಹೋದರೆ, ಹಿಂದಿನವರು ದಪ್ಪನೆಯ ಪುಟ್ಟಿ ತುಂಬಿ ಮುಚ್ಚಿದ ಜಾಗದಲ್ಲಿ ಅದು ಹಿಡಿತ ಸಡಿಲಿಸುತ್ತದೆ. ಮೊನೆಯಾದ ದಬ್ಬಣದಿಂದ ಒತ್ತಿದಾಗ ತಗಡು ತಡೆದರೆ ಜೀವವಿದೆ; ಒಳಗೆ ಇಳಿದರೆ ಆ ಭಾಗ ಹೋಗಿದೆ.

ಬಿಜಾಗರಿ, ಹಿಡಿಕೆ, ಬೋಲ್ಟುಗಳಂತಹ ಸಣ್ಣ ಸಾಮಾನುಗಳಿಗೆ ಈ ಕಬ್ಬಿನ ಸೀಮೆಯಲ್ಲಿ ಒಂದು ಅಗ್ಗದ ಉಪಾಯವಿದೆ. ದನಗಳ ಮೇವಿಗೆ ಬೆರೆಸುವ ಕಾಕಂಬಿಯ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿ ಅದರಲ್ಲಿ ಒಂದೆರಡು ವಾರ ನೆನೆಯಿಟ್ಟರೆ ತುಕ್ಕು ಕರಗಿಹೋಗುತ್ತದೆ, ಒಳಗಿನ ಗಟ್ಟಿ ಕಬ್ಬಿಣ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ವಾಸನೆ ಸಹಿಸಬೇಕು, ಡಬ್ಬಿಗೆ ಮುಚ್ಚಳವಿರಬೇಕು. ಅಲ್ಯುಮಿನಿಯಂ ವಸ್ತುಗಳನ್ನು ಅದರಲ್ಲಿ ಹಾಕಬಾರದು. ಹೊರತೆಗೆದ ಕೂಡಲೇ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಎಣ್ಣೆ ಸವರಬೇಕು. ತಡವಾದರೆ ಒಂದೇ ದಿನದಲ್ಲಿ ಹೊಸ ತುಕ್ಕು ಮೂಡುತ್ತದೆ.

ದೊಡ್ಡ ತಗಡುಗಳ ಕೆಲಸ ಬೇರೆ. ತೂತು ಬಿದ್ದ ಭಾಗದ ಮೇಲೆ ಹೊಸ ತಗಡು ಹೊದಿಸಿ ಮುಚ್ಚುವುದು ಸುಲಭ; ಆದರೆ ಎರಡರ ನಡುವೆ ತೇವ ಕೂತು ಕೆಲವೇ ಮಳೆಗಾಲಗಳಲ್ಲಿ ಎರಡನ್ನೂ ತಿನ್ನುತ್ತದೆ. ಕೊಳೆತದ್ದನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆಯಬೇಕು, ಅದರಾಚೆಗೆ ಒಂದು ಬೆರಳಿನಷ್ಟೂ ತೆಗೆಯಬಾರದು. ಕತ್ತರಿಸುವ ಮೊದಲು ಬಾಗಿಲಿನ ಚೌಕಟ್ಟಿಗೆ ಅಡ್ಡಪಟ್ಟಿ ಬಿಗಿಯದಿದ್ದರೆ ಇಡೀ ಕ್ಯಾಬಿನ್ನು ವಾಲುತ್ತದೆ. ರಟ್ಟಿನಲ್ಲಿ ಅಳತೆಯ ಮಾದರಿ ಮಾಡಿ, ಅದೇ ದಪ್ಪದ ತಗಡಿನಲ್ಲಿ ತುಂಡು ಕತ್ತರಿಸಬೇಕು. 18 ಗೇಜಿನ ತಗಡೆಂದರೆ ಸುಮಾರು 1.2 ಮಿಲಿಮೀಟರ್, 20 ಗೇಜೆಂದರೆ ಸುಮಾರು 0.9 ಮಿಲಿಮೀಟರ್. ತೆಳು ತಗಡಿಗೆ ಒಂದೇ ಸಮನೆ ಬೆಂಕಿ ಕೊಟ್ಟರೆ ಅದು ಹಪ್ಪಳದಂತೆ ಸೊಟ್ಟಗಾಗುತ್ತದೆ. ಅದಕ್ಕೇ ನುರಿತ ವೆಲ್ಡರು ಒಂದು ಚುಕ್ಕೆ ಇಲ್ಲಿಟ್ಟರೆ ಮುಂದಿನದನ್ನು ದೂರದ ಮೂಲೆಯಲ್ಲಿಡುತ್ತಾನೆ, ಆರುವವರೆಗೆ ಕಾಯುತ್ತಾನೆ. ಮನೆಯಲ್ಲಿ ಎಷ್ಟೇ ಉತ್ಸಾಹವಿದ್ದರೂ ಈ ಹಂತಕ್ಕೆ ಕಸುಬು ಬಲ್ಲ ಮಿಸ್ತ್ರಿಯನ್ನು ಕರೆಯುವುದೇ ಲೇಸು.

ತಗ್ಗು ತೆಗೆಯುವುದು ತಾಳ್ಮೆಯ ವಿದ್ಯೆ. ಒಳಬದಿಯಲ್ಲಿ ಡಾಲಿ ಎಂಬ ಉಕ್ಕಿನ ಗಟ್ಟಿಯನ್ನು ಹಿಡಿದು ಹೊರಗಿನಿಂದ ಸುತ್ತಿಗೆಯ ಹಗುರವಾದ ಪೆಟ್ಟು ಹಾಕುತ್ತಾರೆ. ಪೆಟ್ಟು ನೇರವಾಗಿ ಡಾಲಿಯ ಮೇಲೆ ಬಿದ್ದರೆ ತಗಡು ಹಿಗ್ಗುತ್ತದೆ. ಡಾಲಿಯ ಪಕ್ಕಕ್ಕೆ ಬಿದ್ದರೆ ಉಬ್ಬು ಇಳಿದು ತಗ್ಗು ಏಳುತ್ತದೆ. ಅತಿಯಾಗಿ ಬಡಿದ ತಗಡು ಹಿಗ್ಗಿ, ಎಣ್ಣೆಡಬ್ಬಿಯ ತಳದಂತೆ ಒತ್ತಿದಾಗಲೆಲ್ಲ ಟಪ್ಪೆನ್ನುತ್ತದೆ. ಕಣ್ಣಿಗೆ ಕಾಣದ ಏರುಪೇರನ್ನು ಅಂಗೈ ಗುರುತಿಸುತ್ತದೆ. ಅನುಭವಿಗಳು ಕಣ್ಣುಮುಚ್ಚಿ ಕೈಯಾಡಿಸುವುದು ಅದಕ್ಕೇ. ಕೊನೆಗೆ ಉಳಿದ ಅಲ್ಪಸ್ವಲ್ಪಕ್ಕೆ ಮಾತ್ರ ತೆಳ್ಳನೆಯ ಪುಟ್ಟಿ, ಅದನ್ನು ವಾಟರ್ ಪೇಪರಿನಿಂದ ತಿಕ್ಕಿ ನಯಗೊಳಿಸಿ, ಪ್ರೈಮರ್, ಅದರ ಮೇಲೆ ಬಣ್ಣ. ಬರಿಯ ಪ್ರೈಮರ್ ಬಳಿದ ಲಾರಿಯನ್ನು ಮಳೆಗೆ ಬಿಟ್ಟರೆ ಅದು ನೀರನ್ನು ಒಳಗೆ ಬಿಟ್ಟುಕೊಂಡು ಮಾಡಿದ ಕೆಲಸವನ್ನೆಲ್ಲ ವ್ಯರ್ಥಗೊಳಿಸುತ್ತದೆ.

ಆದರೆ ಇವೆಲ್ಲಕ್ಕಿಂತ ಕಠಿಣವಾದ ನಿರ್ಧಾರವೊಂದು ಬಣ್ಣ ಕೆರೆಯುವ ಹೊತ್ತಿಗೆ ಎದುರಾಗುತ್ತದೆ. ಲಾರಿ ಕೈ ಬದಲಿಸಿದಾಗಲೆಲ್ಲ ಹೊಸ ಯಜಮಾನ ಹಳೆಯ ಹೆಸರಿನ ಮೇಲೆ ಬಣ್ಣ ಬಳಿಸಿ ತನ್ನ ಹೆಸರು ಬರೆಸುತ್ತಾನೆ. ಊರು, ಕುಲದೇವರು, ಮಕ್ಕಳ ಹೆಸರು, ಎಲ್ಲವೂ ಬಾಗಿಲಿನ ಮೇಲೆ, ಹಣೆಯ ಹಲಗೆಯ ಮೇಲೆ ಪದರ ಪದರವಾಗಿ ಕೂತಿರುತ್ತವೆ. ಗಡಿನಾಡಿನ ಲಾರಿಯಾದರೆ ಒಂದು ಪದರದಲ್ಲಿ ಕನ್ನಡ, ಇನ್ನೊಂದರಲ್ಲಿ ಮರಾಠಿ ಇರುವುದು ಅಸಂಭವವಲ್ಲ. ಮರಳು ಊದುವ ಯಂತ್ರ ಅರ್ಧ ದಿನದಲ್ಲಿ ಇಡೀ ಕ್ಯಾಬಿನ್ನನ್ನು ಬೆಳ್ಳಗಾಗಿಸಬಲ್ಲದು. ತೆಳು ತಗಡು ಅದರಿಂದ ಸೊಟ್ಟಗಾಗುವ ಭಯ ಒಂದೆಡೆ. ಆ ಹೆಸರುಗಳು ಶಾಶ್ವತವಾಗಿ ಧೂಳಾಗುವುದು ಇನ್ನೊಂದೆಡೆ.

ನೀರು ಹಾಕಿ ಕೈಯಿಂದ ತಿಕ್ಕಿದರೆ ಪದರಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆಯಿಂದ ಒಣಗಿದ್ದಾಗ ತಿಕ್ಕಿ ಧೂಳೆಬ್ಬಿಸುವುದು ಹೇಗೂ ಸಲ್ಲದು. ತಿಕ್ಕುವ ಕೆಲಸ ದೊಡ್ಡವರದು, ಅವರಿಗೂ ಮುಖವಸ್ತ್ರ ಬೇಕು. ಮಕ್ಕಳು ದೂರ ನಿಂತು ನೋಡಬೇಕು. ದೂರದಿಂದಲೂ ಅವರ ಕಣ್ಣು ಚುರುಕು. ‘ಅಜ್ಜಾ, ಕೆಂಪು ಬಣ್ಣದ ಕೆಳಗ ಏನೋ ಬರದದ’ ಎಂದು ಮೊಮ್ಮಗಳು ಕೂಗುವುದು, ‘ಸಾವಕಾಶಪಾ ತಮ್ಮಾ, ಅಕ್ಷರ ಹೋದ್ರ ತಿರುಗಿ ಬರಂಗಿಲ್ಲ’ ಎಂದು ಅಜ್ಜ ತಿಕ್ಕುವವನ ಕೈ ತಡೆಯುವುದು, ಇಂತಹ ಅಂಗಳದಲ್ಲಿ ಸಹಜವಾಗಿ ಕೇಳಿಬರಬಹುದಾದ ಮಾತುಗಳು. ಕಾಣಿಸಿಕೊಂಡ ಅಕ್ಷರದ ಮೇಲೆ ತೆಳುಕಾಗದವಿಟ್ಟು ಪೆನ್ಸಿಲಿನಿಂದ ಅಚ್ಚು ತೆಗೆದುಕೊಳ್ಳಬೇಕು, ಚಿತ್ರ ತೆಗೆಯಬೇಕು. ಆಮೇಲೆಯೇ ಮುಂದಿನ ಪದರಕ್ಕೆ ಕೈ ಹಾಕಬೇಕು. ಯಾವ ಪದರವನ್ನು ಕೊನೆಗೆ ಉಳಿಸಿಕೊಳ್ಳಬೇಕೆಂಬುದು ಆ ಮನೆಯವರ ತೀರ್ಮಾನ. ಒಂದು ಬಾಗಿಲನ್ನು ಹೊಸದಾಗಿ ಮಾಡಿ ಇನ್ನೊಂದರ ಒಳಬದಿಯನ್ನು ಇದ್ದಂತೆಯೇ ಬಿಡುವುದೂ ಒಂದು ದಾರಿ. ಹೊಳಪೊಂದನ್ನೇ ಬಯಸುವವರಿಗೆ ಇದು ಅರೆಕೆಲಸವೆಂದು ತೋರಬಹುದು. ಆದರೆ ಎಲ್ಲವನ್ನೂ ಹೊಸದು ಮಾಡಿದ ಮೇಲೆ ಉಳಿಯುವುದು ಹಳೆಯ ಲಾರಿಯ ಆಕಾರದ ಹೊಸ ತಗಡು. ಅದನ್ನು ಓಡಿಸಿದವರ, ಬರೆಸಿದವರ ಗುರುತು ಅಲ್ಲಿರುವುದಿಲ್ಲ.

ಕಾನೂನೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ವಾಹನಗಳೆಂದು ಗುರುತಿಸಿ ‘ವಿಎ’ ಅಕ್ಷರಗಳುಳ್ಳ ಸಂಖ್ಯೆ ನೀಡಲಾಗುತ್ತದೆ. ಚಾಸಿ, ಬಾಡಿ, ಎಂಜಿನುಗಳನ್ನು ಹೆಚ್ಚಾಗಿ ಮಾರ್ಪಡಿಸದೆ ಮೂಲರೂಪದಲ್ಲಿ ಉಳಿಸಿಕೊಂಡಿರಬೇಕೆಂಬುದು ಅದರ ಷರತ್ತು. ಅಂತಹ ವಾಹನವನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ, ಬಾಡಿಗೆಗೆ ದುಡಿಸುವಂತಿಲ್ಲ. ಲಾರಿ ಸರಕು ವಾಹನವಾದ್ದರಿಂದ, ಅದರ ಕಾಗದಪತ್ರಗಳ ಸ್ಥಿತಿಯನ್ನು ಕೆಲಸಕ್ಕೆ ಕೈಹಾಕುವ ಮೊದಲೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಜಾಣತನ. ಚಾಸಿಯ ಮೇಲೆ ಕೊರೆದ ಸಂಖ್ಯೆಯನ್ನು ತಿಕ್ಕುವ ಭರದಲ್ಲಿ ಅಳಿಸಿದರೆ ಲಾರಿಯ ಗುರುತೇ ಇಲ್ಲವಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಲಾರಿ ಹೊಟ್ಟೆ ಹೊರೆಯುವುದಿಲ್ಲ ಎಂಬುದು ಸುಳ್ಳಲ್ಲ. ತಗಡು, ಗ್ಯಾಸ್, ಬಣ್ಣ, ಮಿಸ್ತ್ರಿಯ ಕೂಲಿ ಎಲ್ಲವನ್ನೂ ಕೂಡಿಸಿದರೆ ಗುಜರಿಯವನು ಕೊಡುವ ಹಣ ಕೈಬಿಟ್ಟಿದ್ದಲ್ಲದೆ ಮೇಲಿಂದ ಖರ್ಚು. ಮಕ್ಕಳ ಶಾಲೆಯ ಫೀಸು, ಹೊಲದ ಬೀಜ ಗೊಬ್ಬರಗಳ ನಡುವೆ ಇದಕ್ಕೆ ಹಣ ಹೊಂದಿಸುವುದು ಎಲ್ಲ ಮನೆಗಳಿಗೂ ಆಗುವ ಮಾತಲ್ಲ. ಕೊಡುವ ಅನಿವಾರ್ಯ ಬಂದವರು ಕೊಟ್ಟರೆ ಅದರಲ್ಲಿ ತಪ್ಪೇನೂ ಇಲ್ಲ. ಅಂತಹವರೂ ತೂಕಕ್ಕೆ ಹಾಕುವ ಮುನ್ನ ಬಾಗಿಲಿನ ಅಕ್ಷರಗಳ ಅಚ್ಚು ತೆಗೆದಿಟ್ಟುಕೊಳ್ಳಬಹುದು, ಮುಂಭಾಗದ ಚಿಹ್ನೆಯನ್ನು ಬಿಚ್ಚಿಟ್ಟುಕೊಳ್ಳಬಹುದು, ಯಾವ ಪೇಟೆಗೆ ಯಾವ ಕಾಳು ಒಯ್ದ ಗಾಡಿಯೆಂದು ಹಿರಿಯರ ಬಾಯಿಂದ ಕೇಳಿ ಬರೆದಿಡಬಹುದು. ಅದಕ್ಕೆ ಬೇಕಾಗುವುದು ಒಂದು ನೋಟುಬುಕ್ಕು, ಒಂದು ಸಂಜೆ.

ಉಳಿಸಿಕೊಂಡವರ ಮನೆಯಲ್ಲಿ ಕೆಲಸ ಮುಗಿಯುವುದಿಲ್ಲ. ಮೃಗಶಿರೆಯ ಮೊದಲ ಮಳೆಗೆ ಮುನ್ನ ಬಾಗಿಲಿನ ಕೆಳಗಿನ ರಂಧ್ರಗಳನ್ನು ಕಡ್ಡಿಯಿಂದ ಬಿಡಿಸಬೇಕು, ಒಳಮಡಿಕೆಗಳಿಗೆ ಎಣ್ಣೆ ಹಾಕಬೇಕು, ಚಕ್ರದ ಸುತ್ತ ಬೆಳೆದ ಹುಲ್ಲು ಕೀಳಬೇಕು. ಪ್ರತಿವರ್ಷದ ಈ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿದರೆ ಅವರು ಮರೆಯುವುದಿಲ್ಲ. ಓಣಿಯಲ್ಲಿ ತಳ್ಳುಗಾಡಿಯವನ ಕೂಗು ಕೇಳಿದಾಗ, ತಮ್ಮ ಅಂಗಳದಲ್ಲಿ ನಿಂತಿರುವುದರ ಹೆಸರನ್ನು ಅಲ್ಪಪ್ರಾಣದಲ್ಲಿ ಹೇಳಬೇಕೋ ಮಹಾಪ್ರಾಣದಲ್ಲಿ ಹೇಳಬೇಕೋ ಅವರಿಗೆ ಗೊತ್ತಿರುತ್ತದೆ.